ಗೋಧಿ ಬಣ್ಣ, ಸಾಧಾರಣ ಮೈಕಟ್ಟು: ಮನೆಯಲ್ಲಿದ್ದೂ ಕಾಣೆಯಾಗುವ ತಂದೆ-ತಾಯಿ

ಪತ್ರಿಕೆಯ ಒಳಪುಟದ ಮೂಲೆಯಲ್ಲಿ 'ಕಾಣೆಯಾಗಿದ್ದಾರೆ' ಎಂಬ ಪ್ರಕಟಣೆಗಳನ್ನು ನೀವು ನೋಡಿರುತ್ತೀರಿ. ಚಿಕ್ಕದೊಂದು ಭಾವಚಿತ್ರ, ಕೆಳಗೆ ಹೆಸರು, ವಯಸ್ಸು, ಎತ್ತರ. ಆಮೇಲೆ ಎಲ್ಲರಿಗೂ ಬಾಯಿಪಾಠವಾಗಿರುವ ಮಾತು: ಗೋಧಿ ಬಣ್ಣ, ಸಾಧಾರಣ ಮೈಕಟ್ಟು, ದುಂಡು ಮುಖ. ಬಿಳಿ ಅಂಗಿ ತೊಟ್ಟಿದ್ದರು, ಧೋತರ ಉಟ್ಟಿದ್ದರು, ಕನ್ನಡ ಮಾತನಾಡುತ್ತಾರೆ. ಸುಳಿವು ಸಿಕ್ಕವರು ಠಾಣೆಗೆ ತಿಳಿಸಬೇಕು. ನಾವು ಓದಿ ಪುಟ ತಿರುಗಿಸುತ್ತೇವೆ. ಆ ಚಿತ್ರಗಳಲ್ಲಿ ಆಗಾಗ ಅರವತ್ತು, ಎಪ್ಪತ್ತು ದಾಟಿದ ಮುಖಗಳೂ ಇರುತ್ತವೆ ಎಂಬುದನ್ನು ಹೆಚ್ಚಿನವರು ಗಮನಿಸುವುದಿಲ್ಲ.

ಆ ಪ್ರಕಟಣೆಯ ಮಾತನ್ನೇ ಹೆಸರಾಗಿಟ್ಟುಕೊಂಡ ಕನ್ನಡ ಚಲನಚಿತ್ರವೊಂದು 2016ರ ಜೂನ್‌ನಲ್ಲಿ ತೆರೆಗೆ ಬಂತು: 'ಗೋಧಿ ಬಣ್ಣ ಸಾಧಾರಣ ಮೈಕಟ್ಟು'. ನಿರ್ದೇಶಕ ಹೇಮಂತ್ ಎಂ. ರಾವ್ ಅವರಿಗೆ ಅದು ಮೊದಲ ಚಿತ್ರ. ಚಿತ್ರವಿಮರ್ಶೆ ಬರೆಯುವುದು ಈ ಅಂಕಣದ ಕೆಲಸವಲ್ಲ. ಆದರೆ ವೈದ್ಯರು ರೋಗಿಯ ಮನೆಯವರಿಗೆ ಅರ್ಧ ಗಂಟೆ ಕುಳಿತು ಹೇಳಬೇಕಾದ ಸಂಗತಿಯೊಂದನ್ನು ಈ ಚಿತ್ರ ಮನಮುಟ್ಟುವಂತೆ ಹೇಳಿದೆ. ಆದ್ದರಿಂದ ಈ ವಾರ ಅದರ ನೆಪದಲ್ಲಿ ಮರೆವಿನ ಕಾಯಿಲೆ, ಅದು ಮನೆಯವರಲ್ಲಿ ಹುಟ್ಟಿಸುವ ದುಃಖ, ಇವೆರಡರ ಬಗ್ಗೆ ತಿಳಿಯೋಣ.

ಕಳೆದುಹೋದದ್ದು ಯಾವಾಗ?

ಚಿತ್ರದ ಕತೆ ಸರಳ. ಅನಂತ್ ನಾಗ್ ಅಭಿನಯಿಸಿರುವ ವೆಂಕೋಬ ರಾವ್ ಅವರಿಗೆ ಅಲ್‌ಝೈಮರ್ ಕಾಯಿಲೆ. ಹೆಂಡತಿ ತೀರಿಕೊಂಡಿದ್ದಾರೆ. ಅವರು ಇರುವುದು ಆರೈಕೆ ಕೇಂದ್ರದಲ್ಲಿ. ಮಗ ಶಿವನಿಗೆ (ರಕ್ಷಿತ್ ಶೆಟ್ಟಿ) ಮುಂಬೈಯಲ್ಲಿ ಕೆಲಸ, ಮೈತುಂಬ ಮಹತ್ವಾಕಾಂಕ್ಷೆ. ತಂದೆ-ಮಗನ ನಡುವೆ ಮಾತು ಕಡಿಮೆ. ಒಂದು ದಿನ ಹೊರಗೆ ಕರೆದುಕೊಂಡು ಹೋದಾಗ ಮಗನ ಗಮನ ತಪ್ಪಿದ ಹೊತ್ತಿನಲ್ಲಿ ತಂದೆ ಕಾಣೆಯಾಗುತ್ತಾರೆ, ಅಪರಾಧಿಗಳ ಕೈಗೆ ಸಿಕ್ಕಿಕೊಳ್ಳುತ್ತಾರೆ. ಇತ್ತ ಮಗ, ತಂದೆಯನ್ನು ನೋಡಿಕೊಳ್ಳುತ್ತಿದ್ದ ವೈದ್ಯೆ ಸಹನಾ (ಶ್ರುತಿ ಹರಿಹರನ್) ಜೊತೆ ಊರೆಲ್ಲ ಹುಡುಕುತ್ತಾನೆ. ಹುಡುಕುತ್ತ ಹೋದಂತೆ ತಾನು ಅರಿಯದೇ ಇದ್ದ ತಂದೆ ಅವನಿಗೆ ಪರಿಚಯವಾಗುತ್ತಾನೆ.

ಕೊನೆಗೆ ತಂದೆ ಸಿಗುತ್ತಾರೆ. ಆದರೆ ಕಾಯಿಲೆ ವಾಸಿಯಾಗುವುದಿಲ್ಲ. ಹಾಗಾದರೆ ಮಗನಿಗೆ ತಂದೆ ಸಿಕ್ಕಂತಾಯಿತೇ, ಇಲ್ಲವೇ? ತಂದೆ ಕಳೆದುಹೋದದ್ದು ಆ ದಿನ ಬೀದಿಯಲ್ಲೋ, ನೆನಪು ಮಾಸತೊಡಗಿದ ದಿನವೋ, ಅಥವಾ ಮಗ ದೂರವಾದ ಕಾಲದಲ್ಲೋ? ಚಿತ್ರ ನೋಡಿದವರು ಈ ಪ್ರಶ್ನೆಯನ್ನು ಮನೆಗೆ ಹೊತ್ತು ತರುತ್ತಾರೆ. ಇಂಥ ರೋಗಿ ಇರುವ ಮನೆಯವರಿಗಂತೂ ಇದು ದಿನನಿತ್ಯದ ಪ್ರಶ್ನೆ.

ಕುಷ್ಟಗಿ ಕಡೆಯ ಒಬ್ಬ ರೈತರು ತಮ್ಮ ತಂದೆಯನ್ನು ತೋರಿಸಲು ಬಂದಾಗ ಹೇಳಿದ ಮಾತು ಹೀಗಿತ್ತು: "ಸಾಹೇಬ್ರ, ನಮ್ಮಪ್ಪ ನಿಮ್ಮ ಮುಂದ ಕುಂತಾನ. ಆದ್ರ ನಮ್ಮಪ್ಪ ಇಲ್ರಿ." ಯಾವ ಪುಸ್ತಕವೂ ಈ ಕಾಯಿಲೆಯನ್ನು ಇದಕ್ಕಿಂತ ಚೆನ್ನಾಗಿ ವರ್ಣಿಸಲಾರದು.

ಹೆಸರಿಲ್ಲದ ದುಃಖ

ಅಮೆರಿಕದ ಪಾಲಿನ್ ಬಾಸ್ ಎಂಬ ವಿದುಷಿ 1970ರ ದಶಕದಲ್ಲಿ ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಸೈನಿಕರ ಕುಟುಂಬಗಳನ್ನು ಅಧ್ಯಯನ ಮಾಡಿದರು. ಗಂಡ ಸತ್ತಿದ್ದಾನೆ ಎಂದು ಅಳುವಂತಿಲ್ಲ, ಬರುತ್ತಾನೆ ಎಂದು ನಂಬುವಂತಿಲ್ಲ. ಈ ಸ್ಥಿತಿಯನ್ನು ಅವರು 'ಅಸ್ಪಷ್ಟ ಅಗಲಿಕೆ' ಎಂಬ ಅರ್ಥದ ಹೆಸರಿನಿಂದ ಕರೆದರು. ಅದರಲ್ಲಿ ಎರಡು ಬಗೆ. ಒಂದು, ವ್ಯಕ್ತಿ ಕಣ್ಣಿಗೆ ಕಾಣುವುದಿಲ್ಲ, ಮನಸ್ಸಿನಲ್ಲಿ ಮಾತ್ರ ಇರುತ್ತಾನೆ. ಇನ್ನೊಂದು, ವ್ಯಕ್ತಿ ಕಣ್ಣೆದುರೇ ಇರುತ್ತಾನೆ, ಆದರೆ ಮನಸ್ಸಿನಿಂದ ದೂರ ಹೋಗಿರುತ್ತಾನೆ. ಮರೆವಿನ ಕಾಯಿಲೆ ಎರಡನೆಯ ಬಗೆಯದು. ಅಂಥ ರೋಗಿ ಮನೆಯಿಂದ ತಪ್ಪಿಸಿಕೊಂಡರೆ ಎರಡೂ ಒಟ್ಟಿಗೇ ಬಂದೆರಗುತ್ತವೆ. ಈ ಚಿತ್ರದಲ್ಲಿ ಆಗುವುದು ಅದೇ.

ಮನೆಯಲ್ಲಿ ಸಾವು ಆದರೆ ಏನು ಮಾಡಬೇಕೆಂದು ನಮ್ಮ ಸಮಾಜಕ್ಕೆ ಗೊತ್ತು. ನೆಂಟರು ಮಣ್ಣಿಗೆ ಬರುತ್ತಾರೆ, ನೆರೆಯವರು ಬುತ್ತಿ ತರುತ್ತಾರೆ, ದಿನಕರ್ಮ ಮುಗಿಯುವವರೆಗೆ ಯಾರೂ ಒಬ್ಬರೇ ಇರುವಂತಿಲ್ಲ. ಇಲ್ಲಿ ಹಾಗಲ್ಲ. ತಂದೆ ಕಟ್ಟೆಯ ಮೇಲೆ ಕುಳಿತಿದ್ದಾರೆ, ಊಟ ಮಾಡುತ್ತಿದ್ದಾರೆ. ಯಾರ ಮುಂದೆ ಅಳುವುದು? ಹೇಳಿಕೊಳ್ಳಲಾಗದ ಈ ದುಃಖ ಬೇರೆ ವೇಷ ಹಾಕಿಕೊಂಡು ಬರುತ್ತದೆ. ಬಹಳ ಸಲ ಅದು ಸಿಟ್ಟಾಗುತ್ತದೆ. "ಬೇಕಂತ ಮಾಡ್ತಾನ", "ಊಟ ಆಗೇತಿ, ಮತ್ತ ಯಾಕ ಕೇಳ್ತಿ?" ಎಂಬ ಗದರಿಕೆ ಕೈ ಎತ್ತುವವರೆಗೆ, ಕೋಣೆಯಲ್ಲಿ ಕೂಡಿಹಾಕುವವರೆಗೆ, ಕಟ್ಟಿಹಾಕುವವರೆಗೂ ಹೋಗುವುದುಂಟು. ಇದು ತಪ್ಪು. ಆದರೆ ಹಾಗೆ ಮಾಡುವವರೆಲ್ಲ ಕಲ್ಲು ಹೃದಯದವರಲ್ಲ. ಆ ಸಿಟ್ಟಿನ ಬೇರು ಎಲ್ಲಿದೆ ಎಂಬುದು ಅವರಿಗೆ ಗೊತ್ತಿರುವುದಿಲ್ಲ. ಅದು ದುಃಖ ಎಂದು ಗುರುತಿಸಿಕೊಂಡರೆ ಸಿಟ್ಟು ಅರ್ಧ ಇಳಿಯುತ್ತದೆ.

ಅರಳು ಮರಳಲ್ಲ, ಕಾಯಿಲೆ

'ಅರವತ್ತಕ್ಕೆ ಅರಳು ಮರಳು' ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ವಯಸ್ಸಾದಂತೆ ಹೆಸರು ತಟ್ಟನೆ ನೆನಪಾಗದಿರುವುದು, ಕನ್ನಡಕ ಎಲ್ಲಿಟ್ಟೆನೆಂದು ಹುಡುಕುವುದು ಸಹಜ. ಆದರೆ ಕನ್ನಡಕ ಯಾಕೆ ಬೇಕೆಂಬುದೇ ಮರೆತರೆ ಅದು ವಯಸ್ಸಿನ ಲಕ್ಷಣವಲ್ಲ, ಮೆದುಳಿನ ಕಾಯಿಲೆ. ಇದನ್ನು ಡಿಮೆನ್ಶಿಯಾ ಎನ್ನುತ್ತೇವೆ. ಅದರಲ್ಲಿ ಹೆಚ್ಚು ಕಾಣುವ ಬಗೆ ಅಲ್‌ಝೈಮರ್. ರಕ್ತನಾಳಗಳು ಕಟ್ಟಿಕೊಂಡು ಬರುವ ಬಗೆಯೂ ನಮ್ಮಲ್ಲಿ ಸಾಕಷ್ಟಿದೆ. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನ ಆಸ್ಪತ್ರೆಗೆ ಸೇರಿದ 51 ವರ್ಷದ ಹೆಣ್ಣುಮಗಳೊಬ್ಬಳನ್ನು ಅಲೊಯಿಸ್ ಅಲ್‌ಝೈಮರ್ ಎಂಬ ವೈದ್ಯರು ಪರೀಕ್ಷಿಸಿದರು. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಆಕೆಯ ಮೆದುಳಿನಲ್ಲಿ ಕಂಡ ಬದಲಾವಣೆಗಳನ್ನು ವಿವರಿಸಿದರು. ಆ ಕಾಯಿಲೆಗೆ ಅವರ ಹೆಸರೇ ಉಳಿಯಿತು.

ಇದು ವಿದೇಶದ ಕಾಯಿಲೆ ಎಂದು ಭಾವಿಸಬೇಡಿ. ಭಾರತದಲ್ಲಿ ನಡೆದ ದೊಡ್ಡ ಅಧ್ಯಯನವೊಂದರ ಪ್ರಕಾರ 60 ದಾಟಿದವರಲ್ಲಿ ಶೇ. 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆ. 2023ರಲ್ಲಿ ಪ್ರಕಟವಾದ ಅಂಕಿ ಇದು.

ಈ ಕಾಯಿಲೆಯಲ್ಲಿ ಹೊಸ ನೆನಪು ಮೊದಲು ಅಳಿಯುತ್ತದೆ, ಹಳೆಯದು ಬಹುಕಾಲ ಉಳಿಯುತ್ತದೆ. ಯಲಬುರ್ಗಾದ ಕಡೆಯ ಹಿರಿಯರೊಬ್ಬರು ರಜಾಕಾರರ ಹಾವಳಿಯ ಕಾಲವನ್ನೂ ನಿಜಾಮನ ಹಾಲಿ ಸಿಕ್ಕಾ ನಾಣ್ಯಗಳನ್ನೂ ನಿನ್ನೆ ಕಂಡಂತೆ ಹೇಳಬಲ್ಲರು, ಬೆಳಿಗ್ಗೆ ಏನು ತಿಂದೆನೆಂದು ಹೇಳಲಾರರು. "ಅಷ್ಟೆಲ್ಲ ನೆನಪೈತಿ, ಇದ್ಯಾಕ ಇಲ್ಲ? ನಾಟಕ" ಎಂದು ಮನೆಯವರು ತಪ್ಪು ತಿಳಿಯುವುದು ಇಲ್ಲೇ.

ಹಾಗೆಯೇ ಎಲ್ಲ ತಪ್ಪು ಉತ್ತರವೂ ಕಾಯಿಲೆಯಲ್ಲ. ನಿಮ್ಮ ಜಿಲ್ಲೆ ಯಾವುದೆಂದು ಕೇಳಿದರೆ ಹಿರಿಯರು ಕೆಲವೊಮ್ಮೆ ರಾಯಚೂರು ಎನ್ನುತ್ತಾರೆ. ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. ಅವರ ಬಾಳಿನ ಬಹುಭಾಗ ಅದು ರಾಯಚೂರು ಜಿಲ್ಲೆಯೇ ಆಗಿತ್ತು. ಓದು ಬರಹ ಬಾರದವರಿಗೆ ತಾರೀಖು ಕೇಳುವುದಕ್ಕಿಂತ "ಈಗ ಯಾವ ಮಳಿ ನಡದೈತಿ?" ಎಂದು ಕೇಳುವುದು ಮೇಲು. ಬದುಕೆಲ್ಲ ರೋಹಿಣಿ, ಮಿರಗ ಎಂದು ಲೆಕ್ಕವಿಟ್ಟು ಬಿತ್ತಿದವರು ಅದನ್ನು ತಪ್ಪಿದರೆ, ಸಂತೆಯಲ್ಲಿ ಚಿಲ್ಲರೆ ಲೆಕ್ಕ ತಪ್ಪಿದರೆ, ನಲವತ್ತು ವರ್ಷ ರೊಟ್ಟಿ ಬಡಿದ ತಾಯಿ ಹಂಚಿನ ಮುಂದೆ ಮುಂದೇನೆಂದು ತೋಚದೆ ಕುಳಿತರೆ, ಪಲ್ಯಕ್ಕೆ ಎರಡೆರಡು ಸಲ ಉಪ್ಪು ಹಾಕಿದರೆ, ಆಗ ಎಚ್ಚರಗೊಳ್ಳಬೇಕು. ವಿನಾಕಾರಣ ಅನುಮಾನ, 'ಸೊಸೆ ನನ್ನ ರೊಕ್ಕ ಕದ್ದಳು' ಎಂಬ ದೂರು, ಸಂಜೆಯಾಗುತ್ತಿದ್ದಂತೆ ಚಡಪಡಿಕೆ, ಗೊತ್ತಿದ್ದ ಓಣಿಯಲ್ಲೇ ದಾರಿ ತಪ್ಪುವುದು ಇವೂ ಲಕ್ಷಣಗಳೇ.

ಮೊದಲು ಪರೀಕ್ಷೆ, ಆಮೇಲೆ ನಿರ್ಧಾರ

ಮರೆವೆಲ್ಲ ಅಲ್‌ಝೈಮರ್ ಅಲ್ಲ. ಕೆಲವು ಕಾರಣಗಳಿಗೆ ಚಿಕಿತ್ಸೆ ಇದೆ, ಅವನ್ನು ತಪ್ಪಿಸಿಕೊಳ್ಳಬಾರದು. ಥೈರಾಯ್ಡ್ ಕೊರತೆ, ಬಿ-12 ಜೀವಸತ್ವದ ಕೊರತೆ, ರಕ್ತದಲ್ಲಿ ಸೋಡಿಯಂ ಇಳಿಯುವುದು, ಖಿನ್ನತೆ, ಕುಡಿತ, ನಿದ್ರೆ ಮಾತ್ರೆಗಳು ಇವೆಲ್ಲ ಮರೆವು ತರಬಲ್ಲವು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಳ್ಳುವವರಲ್ಲಿ ಬಿ-12 ಕಡಿಮೆಯಾಗುವ ಸಂಭವವಿದೆ. ಹಾಗೆಂದು ಮಾತ್ರೆ ನಿಲ್ಲಿಸಬೇಡಿ, ರಕ್ತಪರೀಕ್ಷೆ ಮಾಡಿಸಿ. ಬೈಕಿನಿಂದಲೋ ಮೆಟ್ಟಿಲಿನಿಂದಲೋ ಬಿದ್ದು ತಲೆಗೆ ಪೆಟ್ಟಾದ ಕೆಲವು ವಾರಗಳ ಮೇಲೆ ಮಂಕು ಕವಿದರೆ ತಲೆಬುರುಡೆಯೊಳಗೆ ರಕ್ತ ಕಟ್ಟಿರಬಹುದು. ಸ್ಕ್ಯಾನ್‌ನಲ್ಲಿ ತಿಳಿಯುತ್ತದೆ, ಶಸ್ತ್ರಚಿಕಿತ್ಸೆಯಿಂದ ಗುಣವಾಗುತ್ತದೆ. ಒಂದೆರಡು ದಿನದಲ್ಲೇ ಹಠಾತ್ತನೆ ಬಂದ ಗೊಂದಲ ಸಾಮಾನ್ಯವಾಗಿ ಸೋಂಕು, ಜ್ವರ, ನಿರ್ಜಲತೆ, ಲಕ್ವ ಮುಂತಾದವುಗಳ ಸೂಚನೆ. ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಕಿವಿ ಮಂದವಾದವರನ್ನು ಮರೆವಿನವರೆಂದು ತಿಳಿಯುವುದೂ ಉಂಟು.

ಗಾಳಿ, ಮಾಟ ಎಂದು ಹೇಳಿಕೆ ಕೇಳಲು ಹೋಗಿ ತಿಂಗಳುಗಟ್ಟಲೆ ಕಳೆಯಬೇಡಿ. ದೇವರಿಗೆ ಹರಕೆ ಹೊತ್ತುಕೊಳ್ಳಿ, ವೈದ್ಯರಿಗೂ ತೋರಿಸಿ. ನಿದ್ದೆ ಮಾಡಲೆಂದು ಔಷಧದ ಅಂಗಡಿಯಿಂದ ನೀವೇ ಮಾತ್ರೆ ತಂದು ಕೊಡಬೇಡಿ. ಗೊಂದಲ ಹೆಚ್ಚುತ್ತದೆ, ಬಿದ್ದು ಚಪ್ಪೆಯ ಎಲುಬು ಮುರಿಯುತ್ತದೆ.

ಅಲ್‌ಝೈಮರ್ ಎಂದು ಖಚಿತವಾದರೆ ಅದನ್ನು ಪೂರ್ತಿ ವಾಸಿ ಮಾಡುವ ಔಷಧಿ ಇಂದಿಗೂ ಇಲ್ಲ. ಡೊನೆಪೆಜಿಲ್, ಮೆಮಂಟಿನ್ ಮುಂತಾದವು ಕೆಲವರಲ್ಲಿ ಲಕ್ಷಣಗಳನ್ನು ಸ್ವಲ್ಪ ಕಾಲ ಹತೋಟಿಯಲ್ಲಿಡುತ್ತವೆ. ಮಕ್ಕಳಾದ ನಿಮ್ಮ ಮಟ್ಟಿಗೆ ಸಮಾಧಾನದ ಸಂಗತಿಯೂ ಇದೆ. ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ 14 ಅಪಾಯಕಾರಿ ಅಂಶಗಳನ್ನು ಪಟ್ಟಿ ಮಾಡಿ, ಅವನ್ನು ತಡೆದರೆ ಜಗತ್ತಿನ ಶೇ. 45ರಷ್ಟು ಡಿಮೆನ್ಶಿಯಾವನ್ನು ತಪ್ಪಿಸಬಹುದು ಇಲ್ಲವೆ ಮುಂದೂಡಬಹುದು ಎಂದಿದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ, ಅತಿ ಕುಡಿತ, ಕಿವುಡು, ತಲೆಗೆ ಪೆಟ್ಟು, ಒಂಟಿತನ ಅದರಲ್ಲಿ ಸೇರಿವೆ. ಇವೆಲ್ಲ ನಡುವಯಸ್ಸಿನಲ್ಲೇ ನಮ್ಮ ಕೈಯಲ್ಲಿರುವ ಸಂಗತಿಗಳು.

ಸತ್ತವರನ್ನು ಕೇಳಿದಾಗ

ಮನೆಯವರನ್ನು ಹೆಚ್ಚು ಕಲಕುವ ಸನ್ನಿವೇಶ ಒಂದಿದೆ. ಎಂಬತ್ತರ ಅಜ್ಜಿ ಸಂಜೆ ಹೊಸ್ತಿಲಲ್ಲಿ ನಿಂತು "ನಮ್ಮವ್ವ ಇನ್ನೂ ಹೊಲದಿಂದ ಬಂದಿಲ್ಲ" ಎನ್ನುತ್ತಾರೆ. ಹೆಂಡತಿ ಸತ್ತು ಹತ್ತು ವರ್ಷವಾದ ಅಜ್ಜ "ಅಕಿ ಎಲ್ಲಿ ಹೋದಳು?" ಎಂದು ಕೇಳುತ್ತಾರೆ. ಮಗ ನಿಜ ಹೇಳಬೇಕೆಂದು "ಅವ್ವ ಸತ್ತು ಹತ್ತು ವರ್ಷ ಆತು" ಎನ್ನುತ್ತಾನೆ. ಅಜ್ಜನಿಗೆ ಅದು ಈಗಷ್ಟೇ ಬಂದ ಸುದ್ದಿ. ಅತ್ತು ಮರೆಯುತ್ತಾರೆ, ಮರುದಿನ ಮತ್ತೆ ಕೇಳುತ್ತಾರೆ, ಮತ್ತೆ ಅದೇ ಸಾವು.

ಹೀಗೆ ದಿನಾ ಹೊಸದಾಗಿ ಸಾವಿನ ಸುದ್ದಿ ಹೇಳುವ ಅಗತ್ಯವಿಲ್ಲ. ಬರುತ್ತಾಳೆ ಎಂದು ಸುಳ್ಳು ಹೇಳುವುದೂ ಬೇಡ. ಅವರು ಕೇಳುತ್ತಿರುವುದು ಸಂಗತಿಯನ್ನಲ್ಲ, ಆಸರೆಯನ್ನು. ಪಕ್ಕದಲ್ಲಿ ಕುಳಿತು "ಅವ್ವನ ನೆನಪಾತೇನಪ್ಪಾ? ಅವ್ವ ಏನು ಅಡಿಗಿ ಮಾಡತಿದ್ದಳು, ಹೇಳು" ಎಂದು ಕೇಳಿ. ಹಳೆಯ ನೆನಪು ಇನ್ನೂ ಉಳಿದಿದೆಯಲ್ಲ, ಆ ಬಾಗಿಲಿನಿಂದ ಒಳಗೆ ಹೋಗಿ. ಎಷ್ಟೋ ಸಲ ಚಡಪಡಿಕೆ ಅಲ್ಲಿಗೇ ನಿಲ್ಲುತ್ತದೆ. ನಿಮಗೂ ಗೊತ್ತಿರದ ಒಂದು ಕತೆ ಸಿಗಬಹುದು. ಶಿವನಿಗೂ ತಂದೆ ಸಿಕ್ಕಿದ್ದು ಇಂಥ ಕತೆಗಳಲ್ಲೇ.

ಕಾಣೆಯಾಗದಂತೆ ಎಚ್ಚರ

ಇಂಥ ರೋಗಿಗಳು ಅಲೆದಾಡುವುದು ಸಾಮಾನ್ಯ. ಕೊಪ್ಪಳದ ಗವಿಮಠದ ಜಾತ್ರೆ, ಹುಲಿಗಿ, ಅಂಜನಾದ್ರಿಯಂಥ ಜನಜಂಗುಳಿಗೆ ಕರೆದೊಯ್ದರೆ ಕೈ ಬಿಡಬೇಡಿ. ಗಂಗಾವತಿ ಕಡೆ ಎಡದಂಡೆ ಕಾಲುವೆ, ಕುಷ್ಟಗಿ-ಯಲಬುರ್ಗಾ ಕಡೆ ತೆರೆದ ಬಾವಿ, ಕೃಷಿ ಹೊಂಡಗಳು ಅಪಾಯದ ಸ್ಥಳಗಳು. ಬಸ್ಸು, ರೈಲು ಹತ್ತಿ ಗದಗ, ಹೊಸಪೇಟೆ ತಲುಪಿಬಿಟ್ಟರೆ ತಮ್ಮ ಊರು ಹೇಳಲಾರರು. ಆದ್ದರಿಂದ:

1. ಅಂಗಿಯ ಒಳಗೆ, ಸೀರೆಯ ಅಂಚಿನಲ್ಲಿ ಮನೆಯ ಫೋನ್ ನಂಬರ್ ಬರೆದ ಬಟ್ಟೆಯ ಚೀಟಿ ಹೊಲಿಯಿರಿ. ಕೈಬಳೆಯ ಮೇಲೆ ಕೆತ್ತಿಸಿದರೂ ಆದೀತು.

2. ಆಗಾಗ ಹೊಸ ಭಾವಚಿತ್ರ ತೆಗೆದಿಟ್ಟುಕೊಳ್ಳಿ. ಮದುವೆಯ ಹಳೆಯ ಚಿತ್ರದಿಂದ ಯಾರೂ ಗುರುತಿಸಲಾರರು.

3. ಓಣಿಯವರಿಗೆ, ಕಿರಾಣಿ ಅಂಗಡಿಯವರಿಗೆ, ಆಟೋದವರಿಗೆ ಕಾಯಿಲೆಯ ವಿಷಯ ತಿಳಿಸಿ. ಇದರಲ್ಲಿ ಮರ್ಯಾದೆ ಹೋಗುವುದೇನೂ ಇಲ್ಲ.

4. ಕಾಣೆಯಾದರೆ ಒಂದು ದಿನ ಕಾಯಬೇಕೆಂಬ ನಿಯಮವಿಲ್ಲ. ಕೂಡಲೇ 112ಕ್ಕೆ ಕರೆ ಮಾಡಿ, ಠಾಣೆಯಲ್ಲಿ ದೂರು ಕೊಡಿ.

5. ಹುಡುಕುವಾಗ ಅವರ ಹಳೆಯ ಜಾಗಗಳನ್ನೂ ನೋಡಿ. ಹುಟ್ಟಿದ ಊರು, ತವರುಮನೆ, ಮಾರಿದ ಹೊಲ, ಕೆಲಸ ಮಾಡಿದ ಗಿರಣಿ, ಎಳವೆಯ ಗುಡಿ. ಕಾಲುಗಳು ಹಳೆಯ ನೆನಪಿನ ದಾರಿ ಹಿಡಿಯುತ್ತವೆ.

ಐದನೆಯ ಅಂಶದಲ್ಲಿ ನಮ್ಮ ಅನೇಕರ ಬಡತನ ಬಯಲಾಗುತ್ತದೆ. ತಂದೆ ಎಳವೆಯಲ್ಲಿ ಎಲ್ಲಿ ಈಜು ಕಲಿತರು, ತಾಯಿಯ ಗೆಳತಿ ಯಾರು ಎಂಬುದು ನಮಗೆ ಗೊತ್ತಿರುವುದಿಲ್ಲ. ಪೊಲೀಸರು ಕೇಳಿದಾಗ ನಾವೂ 'ಗೋಧಿ ಬಣ್ಣ, ಸಾಧಾರಣ ಮೈಕಟ್ಟು' ಎನ್ನುತ್ತೇವೆ. ಅದು ಸಾವಿರ ಜನಕ್ಕೆ ಒಪ್ಪುವ ವರ್ಣನೆ. ಈ ವಾರ ಒಂದು ಕೆಲಸ ಮಾಡಿ. ತಂದೆ-ತಾಯಿ ಚೆನ್ನಾಗಿರುವಾಗಲೇ ಅವರೊಡನೆ ಕುಳಿತು ಒಂದು ಹಾಳೆಯಷ್ಟು ಬರೆದುಕೊಳ್ಳಿ: ಹುಟ್ಟಿದ ಮನೆ, ಓದಿದ ಶಾಲೆ, ಮಾಡಿದ ಕೆಲಸಗಳು, ಇಷ್ಟದ ಹಾಡು, ಊಟ, ಹೆದರಿಕೆ, ಜೀವದ ಗೆಳೆಯರ ಹೆಸರು. ಮುಂದೆ ಕಾಯಿಲೆ ಬಂದರೆ ಅವರನ್ನು ಹುಡುಕಲೂ ಸಂತೈಸಲೂ ಆ ಹಾಳೆ ಬೇಕು. ಕಾಯಿಲೆ ಬಾರದಿದ್ದರೆ ಇನ್ನೂ ಒಳ್ಳೆಯದು.

ನೋಡಿಕೊಳ್ಳುವವರನ್ನು ನೋಡಿಕೊಳ್ಳುವವರು ಯಾರು?

ನಮ್ಮ ಭಾಗದ ಅನೇಕ ಮನೆಗಳಲ್ಲಿ ಗಂಡುಮಕ್ಕಳು ದುಡಿಯಲು ಬೆಂಗಳೂರು, ಮಂಗಳೂರು, ಗೋವಾಕ್ಕೆ ಹೋಗಿರುತ್ತಾರೆ. ರಾತ್ರಿ ಫೋನಿನಲ್ಲಿ ತಂದೆ "ಆರಾಮ ಅದೀನಪ್ಪಾ" ಎನ್ನುತ್ತಾರೆ. ಎರಡು ನಿಮಿಷದ ಮಾತಿನಲ್ಲಿ ಕಾಯಿಲೆ ಗೊತ್ತಾಗುವುದಿಲ್ಲ. ದೂರದ ಮಗ "ಅಪ್ಪ ಸರಿ ಇದ್ದಾನ, ನೀನ ಏನೋ ಹಚ್ಚಿ ಹೇಳ್ತಿ" ಎಂದು ಮನೆಯಲ್ಲಿ ಹೇಸಿಗೆ ಬಾಚುವ ಹೆಂಡತಿಯನ್ನೋ ತಂಗಿಯನ್ನೋ ಗದರುತ್ತಾನೆ. ಹೀಗೆ ಮಾಡಬೇಡಿ. ವರ್ಷಕ್ಕೊಮ್ಮೆಯಾದರೂ ಒಂದು ವಾರ ಬಂದು ಪೂರ್ತಿ ಆರೈಕೆಯನ್ನು ನೀವೇ ಮಾಡಿ, ಅವರಿಗೆ ಬಿಡುವು ಕೊಡಿ.

ಆರೈಕೆ ಮಾಡುವವರಿಗೆ ಎರಡು ವಾರಕ್ಕೂ ಮೀರಿ ನಿದ್ದೆ, ಹಸಿವು ಕೆಟ್ಟರೆ, ಯಾವುದರಲ್ಲೂ ಮನಸ್ಸಿಲ್ಲದಿದ್ದರೆ, ಬದುಕು ಸಾಕೆನಿಸಿದರೆ ಅದು ಖಿನ್ನತೆ. ಅದಕ್ಕೆ ಚಿಕಿತ್ಸೆ ಇದೆ. "ಇವರು ಹೋಗಿಬಿಟ್ಟರೆ ಸಾಕು" ಎಂಬ ಯೋಚನೆ ಒಮ್ಮೊಮ್ಮೆ ಬಂದರೆ ನೀವು ಪಾಪಿಗಳಲ್ಲ, ದಣಿದಿದ್ದೀರಿ. ಕೊಪ್ಪಳದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆ, ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್‌ಗಳಲ್ಲಿ ಮನೋವೈದ್ಯರಿದ್ದಾರೆ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆಂದು ಕೇಳಿಕೊಳ್ಳಿ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತನಾಡಬಹುದು. ಹಿರಿಯರ ಸಹಾಯವಾಣಿ 14567.

ಚಿತ್ರದ ಶಿವನಿಗೆ ಸಿಕ್ಕ ತಂದೆ ಕಾಯಿಲೆ ವಾಸಿಯಾದ ತಂದೆಯಲ್ಲ. ಮರೆತವರು ಮರೆತೇ ಇರುತ್ತಾರೆ, ಬದಲಾಗುವುದು ಮಗ. ಮರೆವಿನ ಕಾಯಿಲೆಯ ಮನೆಯಲ್ಲಿ ನಿರೀಕ್ಷಿಸಬಹುದಾದ ಚೇತರಿಕೆ ಇಷ್ಟೇ, ಮತ್ತು ಅದು ಸಣ್ಣದಲ್ಲ. ತಂದೆಗೆ ನಿಮ್ಮ ಹೆಸರು ನೆನಪಿರದಿದ್ದರೂ ನಿಮ್ಮ ದನಿಯ ಮೃದುತ್ವ, ಕೈಯ ಬಿಸುಪು ಅವರಿಗೆ ತಿಳಿಯುತ್ತದೆ. "ನಾನು ಯಾರು, ಹೇಳು ನೋಡೋಣ" ಎಂದು ಪರೀಕ್ಷೆ ಮಾಡಬೇಡಿ. "ಯಪ್ಪಾ, ನಾನು ನಿನ್ನ ಮಗ, ಬಂದೀನಿ" ಎಂದು ನೀವೇ ಹೇಳಿ ಪಕ್ಕದಲ್ಲಿ ಕುಳಿತುಕೊಳ್ಳಿ.